ಸೋಲಿಗರ ಮಾತು ಕಡತದವರೆಗೆ ಬಂತು

ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳಲ್ಲಿ ಒಂದು ಅಂಶವನ್ನು ನಾನು ತುಂಬ ಗೌರವದಿಂದ ಕಾಣುತ್ತೇನೆ. ಹಕ್ಕು ಕೇಳುವವರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಪೂಜೆಯ ತಾಣ, ಮಸಣ, ಬಾವಿಗಳೂ ಪುರಾವೆ. ಪಹಣಿ, ಮೊಹರುಗಳಿಲ್ಲದೆ ಮಾತೇ ಆಡದ ಆಡಳಿತ ಕಾಡಿನ ಜನರ ನೆನಪಿಗೆ ಕಾನೂನಿನ ತೂಕ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಇದರ ಫಲ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಕಂಡಿತು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ತಮ್ಮ ಕುಲಗಳ ಯೆಲ್ಲೆ ಎಂಬ ನೆಲೆಗಳನ್ನು, ಅವುಗಳೊಳಗಿನ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿಗಳನ್ನು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕೂತು ನಕ್ಷೆಗೆ ಇಳಿಸಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಕೊನೆಯ ಹೊತ್ತಿಗೆ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು.

ಆದರೆ ಕಾಡನ್ನು ನೋಡಿಕೊಳ್ಳುವ ಪ್ರಶ್ನೆ ಬಂದಾಗ ಈ ಗೌರವ ನಿಂತುಹೋಗುತ್ತದೆ. ತರಗು ಬೆಂಕಿಯ ವಿಷಯವನ್ನೇ ನೋಡಿ. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಸೋಲಿಗರು ಉದುರಿದ ಎಲೆಗೆ ತೆಳುವಾಗಿ ಬೆಂಕಿ ಹಾಕುತ್ತಿದ್ದರು. ಹುಲ್ಲು ಚಿಗುರುತ್ತಿತ್ತು; ಮುಂದೆ ದೊಡ್ಡ ಬೆಂಕಿಗೆ ಮೇವು ಉಳಿಯುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಈ ಪದ್ಧತಿ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಈ ಮಾತನ್ನು ಪರೀಕ್ಷಿಸಿದ ಪ್ರಬಂಧಗಳು ಅಂತರರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಬಂದಿವೆ. ಅಲ್ಲಿ ಚರ್ಚೆಗೆ ಅರ್ಹವಾದ ಮಾತು ಕಾಡಿನ ಕಾರ್ಯಯೋಜನೆಯಲ್ಲಿ ಯಾಕೆ ಅರ್ಹವಲ್ಲ?

ಹಳೆಯ ಪದ್ಧತಿಯನ್ನು ಇದ್ದಂತೆಯೇ ತನ್ನಿ ಎಂದು ನಾನು ಹೇಳುತ್ತಿಲ್ಲ. ಲಂಟಾನ ಆಳೆತ್ತರ ಬೆಳೆದ ಕಡೆ ಇವತ್ತು ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ನೆತ್ತಿಗೇ ಏರುತ್ತದೆ. ಎಲ್ಲಿ ಮೊದಲು ಪೊದೆ ಕಡಿಯಬೇಕು, ಎಲ್ಲಿ ಬೆಂಕಿ ಬೇಡವೇ ಬೇಡ ಎಂಬುದನ್ನು ಆ ನೆಲ ಬಲ್ಲವರೂ ಪರಿಸರ ವಿಜ್ಞಾನಿಗಳೂ ಒಟ್ಟಿಗೆ ಗೊತ್ತುಮಾಡಬೇಕು. ಆ ಕೆಲಸಕ್ಕೆ ಸೋಲಿಗರು ಮಾಹಿತಿ ಕೊಡುವವರಾಗಿ ಬಂದರೆ ಸಾಲದು, ತೀರ್ಮಾನಿಸುವವರಾಗಿ ಬರಬೇಕು.

ಮೌಲ್ಯಮಾಪನದಲ್ಲೂ ಇದೇ ಕೊರತೆ. ಹುಲಿ ಸಂರಕ್ಷಿತ ಪ್ರದೇಶಗಳ ನಿರ್ವಹಣೆಗೆ ನಾಲ್ಕು ವರ್ಷಕ್ಕೊಮ್ಮೆ ಅಂಕ ಬೀಳುತ್ತದೆ. ಜನರ ಸಹಭಾಗಿತ್ವ ಎಂಬ ಮಾನದಂಡವೂ ಅದರಲ್ಲಿದೆ. ಆದರೆ ಮಾನದಂಡ ಬರುವುದು ಮೇಲಿನಿಂದ, ಅಂಕ ಹಾಕುವುದು ಹೊರಗಿನ ತಜ್ಞರ ತಂಡ. ನೆಲ್ಲಿ ಎಷ್ಟು ಬಿಟ್ಟಿತು, ಜೇನು ಎಷ್ಟು ಕಟ್ಟಿತು, ಅಬ್ಬಿಯಲ್ಲಿ ಯಾವ ತಿಂಗಳವರೆಗೆ ನೀರಿತ್ತು ಎಂದು ಸೋಲಿಗರ ಹಾಡಿಗಳಾದ ಪೋಡುಗಳ ಜನ ಕಾಡಿನ ಆರೋಗ್ಯ ಅಳೆಯುವ ಬಗೆಗೆ ಆ ಪಟ್ಟಿಯಲ್ಲಿ ಜಾಗ ಬೇಕು.

ಕಾನೂನಾಗಿ ಅರಣ್ಯ ಹಕ್ಕು ಕಾಯ್ದೆ ನಮ್ಮ ಕಾಲದ ದೊಡ್ಡ ಸಾಧನೆ. ಆಚರಣೆಯಲ್ಲಿ ಅರ್ಧಕ್ಕೆ ನಿಂತ ಕೆಲಸ. ಮುಂದಿನ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಗಳ ಮುಂದಿಟ್ಟು, ಅವುಗಳ ಒಪ್ಪಿಗೆ ಪಡೆದೇ ಜಾರಿಗೆ ತರಲಿ. ಇದಕ್ಕೆ ಹೊಸ ಶಾಸನ ಬೇಕಿಲ್ಲ. ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು 2006ರ ಕಾಯ್ದೆಯ 3ನೇ ಕಲಮಿನಲ್ಲೇ ಇದೆ.