ಕರುಳಿಗೆ ಕರೆಂಟೋ, ಕಾಫಿಯೋ?

ದೊಡ್ಡ ಕರುಳಿನ ಆಪರೇಷನ್ ಆದ ಮರುದಿನದಿಂದ ವಾರ್ಡಿಗೆ ಬರುವ ಡಾಕ್ಟರರ ಮೊದಲ ಪ್ರಶ್ನೆ: ‘ಗ್ಯಾಸ್ ಹೋಯ್ತಾ? ಮೋಷನ್ ಆಯ್ತಾ?’ ಕೈ ತಾಗಿದ ಕರುಳು ಮುನಿಸಿಕೊಂಡ ಹಾಗೆ ಸುಮ್ಮನಾಗಿಬಿಡುತ್ತದೆ. ಅದರ ಸ್ನಾಯುಪದರದಲ್ಲಿರುವ ರಕ್ಷಕ ಕೋಶಗಳು ಕೆರಳಿ ಉರಿಯೂತ ಎಬ್ಬಿಸುತ್ತವೆ. ನೋವಿಗೆ ಕೊಡುವ ಮಾರ್ಫಿನ್ ಅದನ್ನು ಇನ್ನಷ್ಟು ಜಡ ಮಾಡುತ್ತದೆ. ಹೊಟ್ಟೆ ಉಬ್ಬಿ ವಾಂತಿ ಶುರುವಾದರೆ ಮೂಗಿಗೆ ಟ್ಯೂಬು.

ಇದಕ್ಕೆ ನರಗಳನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಉಪಾಯ ಈಗ ಚರ್ಚೆಯಲ್ಲಿದೆ. ಹೆಚ್ಚು ಪರೀಕ್ಷೆಗೊಳಗಾದದ್ದು ಎಲೆಕ್ಟ್ರೋಅಕ್ಯುಪಂಕ್ಚರ್: ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳಗಲ ಕೆಳಗೆ, ಕಾಲೆಲುಬಿನ ಹೊರಮಗ್ಗುಲಲ್ಲಿ ಸೂಜಿ ಚುಚ್ಚಿ ಸಣ್ಣಗೆ ಕರೆಂಟು ಹರಿಸುವುದು. ಕಾಲಿಗೂ ಕರುಳಿಗೂ ಏನು ಸಂಬಂಧ ಎಂದು ನಗಬೇಕಿಲ್ಲ. ಅಲ್ಲಿಂದ ಹೊರಟ ಸಂಕೇತ ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ಮೂಲಕ ಉರಿಯೂತ ತಗ್ಗಿಸುವುದನ್ನು 2021ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಆದರೆ ಅವು ಕರುಳಿನ ಆಪರೇಷನ್ ಆದ ಇಲಿಗಳಲ್ಲ.

2013ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಅಧ್ಯಯನದ 165 ರೋಗಿಗಳಲ್ಲಿ, ಸೂಜಿಯನ್ನೇ ಕಾಣದವರಿಗೆ ಮೊದಲ ಮಲವಿಸರ್ಜನೆಗೆ ಸರಾಸರಿ 122 ಗಂಟೆ ಬೇಕಾಯಿತು. ಕರೆಂಟು ಪಡೆದವರಿಗೆ 86. ಪ್ರಚಾರಕರು ಹೇಳುವುದು ಇಷ್ಟನ್ನೇ. ಹುಸಿ ಚಿಕಿತ್ಸೆ ಪಡೆದ ಮೂರನೆಯ ಗುಂಪಿಗೆ 107.5 ಗಂಟೆ. ಅಂದರೆ ಉಳಿತಾಯವಾದ 36 ಗಂಟೆಗಳಲ್ಲಿ ಹದಿನಾಲ್ಕಕ್ಕೂ ಹೆಚ್ಚು ಕರೆಂಟಿಲ್ಲದೆಯೇ ಉಳಿದಿದ್ದವು! ಆರೈಕೆ, ನಿರೀಕ್ಷೆ, ದಿನವೂ ಯಾರೋ ಬಂದು ಪಕ್ಕದಲ್ಲಿ ಕೂರುವುದು: ಇವುಗಳ ಪಾಲೆಷ್ಟೋ.

ಮುಂದೆ ಚೀನಾದ 248 ಕ್ಯಾನ್ಸರ್ ರೋಗಿಗಳ ಅಧ್ಯಯನ 2022ರಲ್ಲಿ ಬಂತು. ಇದು ಇನ್ನೂ ಗಟ್ಟಿ, ಏಕೆಂದರೆ ಎಲ್ಲರಿಗೂ ಬೇಗ ಊಟ, ಬೇಗ ಓಡಾಟದ ಆಧುನಿಕ ಆರೈಕೆ ಸಿಕ್ಕಿತ್ತು. ಹುಸಿ ಗುಂಪಿಗೆ 90 ಗಂಟೆ, ಕರೆಂಟಿನ ಗುಂಪಿಗೆ 76.4, ಅಂತರ 13.6ಕ್ಕೆ ಇಳಿಯಿತು. ತಮಾಷೆಯೆಂದರೆ, ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯರು 80 ರೋಗಿಗಳಿಗೆ ನೀರು ಅಥವಾ ಕಾಫಿ ಕೊಟ್ಟು ನೋಡಿದಾಗ (2012) ಕಾಫಿಯವರು ಮುಂದಿದ್ದದ್ದೂ ಅಷ್ಟೇ ಗಂಟೆ. ಲೆಕ್ಕದ ರೀತಿ ಬೇರೆ, ಕಾಫಿಯ ರುಚಿಯನ್ನು ರೋಗಿಯಿಂದ ಮುಚ್ಚಿಡುವಂತೆಯೂ ಇಲ್ಲ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ನನಗೆ ಗಂಟೆಗಳಿಗಿಂತ ತೂಕದ್ದಾಗಿ ಕಂಡದ್ದು ಚೀನಾದ ಇನ್ನೊಂದು ಅಂಕಿ: ಕರುಳು ದೀರ್ಘಕಾಲ ಸ್ತಬ್ಧವಾದವರು ಹುಸಿ ಗುಂಪಿನಲ್ಲಿ ಶೇ. 20, ಕರೆಂಟಿನ ಗುಂಪಿನಲ್ಲಿ ಶೇ. 10. ಮೂಗಿನ ಟ್ಯೂಬು, ಖರ್ಚು, ಮನೆಯವರ ಆತಂಕ ಎಲ್ಲ ಇರುವುದು ಹೀಗೆ ಕರುಳು ಸ್ತಬ್ಧವಾದವರಿಗೇ. ಆದರೆ ಅಧ್ಯಯನಕ್ಕೆ ಬಂದವರೆಲ್ಲ ಲ್ಯಾಪ್ರೋಸ್ಕೋಪಿಯವರು. ಹೊಟ್ಟೆ ತೆರೆದು ಆಪರೇಷನ್ ಮಾಡಿಸಿಕೊಂಡು ಹೆಚ್ಚು ನರಳುವವರಲ್ಲೂ ಈ ಅರ್ಧಕ್ಕರ್ಧ ಇಳಿಕೆ ಕಾಣುವವರೆಗೆ, ಬೇಗ ಊಟ ಕೊಡುವ ಕ್ರಮವನ್ನೇ ಇನ್ನೂ ರೂಢಿಸಿಕೊಳ್ಳದ ಆಸ್ಪತ್ರೆ ಈ ಯಂತ್ರಕ್ಕೆ ದುಡ್ಡು ಸುರಿಯುವುದನ್ನು ನಾನು ಒಪ್ಪಲಾರೆ.