ಚಲಚ್ಚಿತ್ರಗಳಲ್ಲಿ ಬಡತನದ ನಿರೂಪಣೆ

ಬಡತನವನ್ನು ಚಲಚ್ಚಿತ್ರದಲ್ಲಿ ತೋರಿಸುವುದು ದೇಶದ ಮಾನಕ್ಕೆ ಕುಂದೆಂದು ಕೆಲವರೂ, ತೋರಿಸದಿರುವುದು ಸತ್ಯಕ್ಕೆ ದ್ರೋಹವೆಂದು ಕೆಲವರೂ ವಾದಿಸುತ್ತ ಬಂದಿರುವರು. 1980ರಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನಟಿ ನರ್ಗೀಸ್ ಅವರು, ಸತ್ಯಜಿತ್ ರಾಯ್ ಅವರ ಚಿತ್ರಗಳು ಭಾರತದ ದಾರಿದ್ರ್ಯವನ್ನು ಪರದೇಶಗಳಿಗೆ ಸಾಗಿಸುತ್ತಿವೆಯೆಂದು ಆಕ್ಷೇಪಿಸಿದುದು ಈ ವಿವಾದದ ಪ್ರಸಿದ್ಧ ಘಟ್ಟ. ಆದರೆ ಅವರೇ ನಾಯಕಿಯಾಗಿ ಅಭಿನಯಿಸಿದ ‘ಮದರ್ ಇಂಡಿಯಾ’ (1957) ಚಿತ್ರದ ಕಥೆಯೂ ಬಡತನದಿಂದಲೇ ಬೆಳೆದುದು. 500 ರೂಪಾಯಿಗಳ ಸಾಲಕ್ಕೆ ಬೆಳೆಯ ಮುಕ್ಕಾಲು ಪಾಲು ಬಡ್ಡಿಯಾಗಿ ಸಾಹುಕಾರನಿಗೆ ಸಲ್ಲುವುದೇ ಅಲ್ಲಿನ ದುಃಖಕ್ಕೆ ಬೀಜ. ಆದುದರಿಂದ ಬಡತನವನ್ನು ತೋರಿಸಬಹುದೋ ಕೂಡದೋ ಎಂಬಷ್ಟರಲ್ಲಿ ವಿಚಾರವು ಮುಗಿಯುವುದಿಲ್ಲ. ಬಡತನವೆಂದು ಏನನ್ನು ತೋರಿಸಿದೆ ಎಂಬುದನ್ನು ವಿಮರ್ಶೆಯು ಕೇಳಬೇಕಾಗಿದೆ.

ಈ ಪರೀಕ್ಷೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯು ಒಳ್ಳೆಯ ಒರೆಗಲ್ಲಾಗಿದೆ. ದಾರಿಹೋಕನ ಕಣ್ಣಿಗೆ ಇದು ಸಮೃದ್ಧಿಯ ನಾಡು; ಬಿರಿದ ನೆಲಕ್ಕಿಂತ ಹಸುರು ಗರಿಗಳ ಸಾಲೇ ಮೊದಲು ತೋರುತ್ತದೆ. ಆದರೆ ಇಲ್ಲಿನ ಉಂಡೆ ಕೊಬ್ಬರಿಯು ಮರದಿಂದಿಳಿದೊಡನೆ ಹಣವಾಗುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಒಣಗಲು ಬಿಟ್ಟು, ಅಲುಗಿಸಿದಾಗ ಒಳಗೆ ಕೊಬ್ಬರಿಯ ಸದ್ದು ಕೇಳಿದ ಮೇಲೆ ಸುಲಿದು, ಚಿಪ್ಪನ್ನೊಡೆದು, ಮಾರುಕಟ್ಟೆಗೆ ಒಯ್ಯಬೇಕು. ಅಷ್ಟರಲ್ಲಿ ಧಾರಣೆ ಏನಾಗುವುದೋ ಬೆಳೆಗಾರನ ಕೈಯಲ್ಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ನಿಗದಿಮಾಡಿದ್ದಿತು. ಪೇಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಪೇಟೆಯ ಧಾರಣೆಯು ಅದನ್ನು ಬಹುದೂರ ಮೀರಿತು. ತುರ್ತಿಗೆ ಸಿಕ್ಕಿ ಮೊದಲೇ ಮಾರಿದವನಿಗೆ ಈ ಏರಿಕೆಯಿಂದ ಬಂದುದೇನೂ ಇಲ್ಲ. ಮರವೇ ಇಲ್ಲದೆ ಕಾಯಿ ಕೆಡಹುವ, ಸುಲಿಯುವ ಕೂಲಿಯಿಂದ ಬದುಕುವವನ ಪಾಡು ಇನ್ನೂ ಬೇರೆ. ಇಲ್ಲಿನ ಬಡತನವು ಕಾಲದಲ್ಲಿಯೂ ಲೆಕ್ಕದಲ್ಲಿಯೂ ಅಡಗಿದೆ. ನೋಟಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ.

ಆಲಂಕಾರಿಕರು ವಿಭಾವವನ್ನು ಆಲಂಬನ, ಉದ್ದೀಪನ ಎಂದು ಎರಡಾಗಿ ವಿಂಗಡಿಸಿರುವರು. ಹರಿದ ಬಟ್ಟೆ, ಬತ್ತಿದ ಕೆರೆ, ಅಳುವ ಮಗು ಇವು ಉದ್ದೀಪನಗಳು. ಇವನ್ನೇ ಪೇರಿಸಿ, ಆಲಂಬನವಾದ ಮನುಷ್ಯನನ್ನು, ಅವನ ಇಚ್ಛೆಯನ್ನೂ ವಿವೇಕವನ್ನೂ, ಮರೆತ ಚಿತ್ರವು ಕನಿಕರವನ್ನು ಹುಟ್ಟಿಸೀತು, ಕರುಣರಸವನ್ನಲ್ಲ. ನರ್ಗೀಸರ ಆಕ್ಷೇಪಕ್ಕೆ ಇಂತಹ ಚಿತ್ರಗಳ ವಿಷಯದಲ್ಲಿ ಬೆಲೆಯುಂಟು. ‘ಪಥೇರ್ ಪಾಂಚಾಲಿ’ಗೆ (1955) ಅದು ತಗಲುವುದಿಲ್ಲ, ಅಲ್ಲಿ ದುರ್ಗೆ, ಅಪು ಎಂಬ ಮಕ್ಕಳ ಕುತೂಹಲವು ಬಡತನದ ನಡುವೆಯೂ ಜೀವಂತವಾಗಿದೆ.

ಕನ್ನಡದಲ್ಲಿ ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು ತೆರೆಗೆ ತಂದ ‘ಚೋಮನ ದುಡಿ’ (1975) ಇದಕ್ಕೆ ಉತ್ತಮ ನಿದರ್ಶನ. ಚೋಮನಿಗೆ ಎತ್ತುಗಳಿವೆ, ಉಳುವ ಆಸೆಯಿದೆ, ಅಸ್ಪೃಶ್ಯನೆಂಬ ಕಾರಣಕ್ಕೆ ನೆಲವಿಲ್ಲ. ತೋಟದ ಸಾಲವು ಅವನ ಮಕ್ಕಳನ್ನು ಸೆಳೆದುಕೊಳ್ಳುತ್ತದೆ. ಇಲ್ಲಿ ಬಡತನವು ವಸ್ತುವಿನ ಅಭಾವವಷ್ಟೇ ಅಲ್ಲ, ನಿರಾಕರಣೆಯೂ ಹೌದು. ತೇಜಸ್ವಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ಮಿಸಿದ ‘ತಬರನ ಕಥೆ’ಯಲ್ಲಿ (1986) ನಿವೃತ್ತ ನೌಕರನಿಗೆ ಸಲ್ಲಬೇಕಾದ ಹಣವು ಕಡತಗಳಲ್ಲಿ ಸಿಕ್ಕಿಬಿದ್ದು, ಹೆಂಡತಿಯ ಚಿಕಿತ್ಸೆಗೆ ಒದಗದೆ ಹೋಗುತ್ತದೆ. ತಬರನ ಕಾಯುವಿಕೆಯನ್ನು ಬಲ್ಲ ಪ್ರೇಕ್ಷಕನಿಗೆ ಅಟ್ಟದ ಕೆಳಗೆ ಕಾಯುವ ಬೆಳೆಗಾರನ ಮನಸ್ಸು ಹೊಸದೆನಿಸದು. ಈ ಎರಡು ಚಿತ್ರಗಳೂ ಬಡತನದ ರೂಪದೊಡನೆ ಅದರ ಕಾರಣವನ್ನೂ ತೋರಿಸುತ್ತವೆ.

ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ದ (1972) ಮಾರ್ಗ ಬೇರೆ. ಟಿ. ಕೆ. ರಾಮರಾಯರ ಕಾದಂಬರಿಯಿಂದ ಬಂದ ಈ ಚಿತ್ರದಲ್ಲಿ ರಾಜಕುಮಾರ್ ಅವರು ಅಭಿನಯಿಸಿದ ರಾಜೀವನು ಕಲ್ಲುಭೂಮಿಯನ್ನು ದುಡಿಮೆಯಿಂದ ಹೊನ್ನಾಗಿಸುತ್ತಾನೆ. ಒಕ್ಕಲುತನಕ್ಕೆ ಗೌರವವನ್ನು ತಂದುಕೊಟ್ಟ ಈ ಚಿತ್ರದ ಉಪಕಾರವನ್ನು ಅಲ್ಲಗಳೆಯಲಾಗದು. ಬಡವನನ್ನು ದೀನನನ್ನಾಗಿ ಮಾತ್ರ ಕಾಣುವ ಚಿತ್ರಗಳಿಗೆ ಇದು ತಕ್ಕ ಉತ್ತರ. ಆದರೂ ದುಡಿಮೆಯೊಂದೇ ಸಾಕೆಂಬ ಭಾವವು ಇದರಿಂದ ಬಲಿಯುತ್ತದೆ. ದುಡಿದು ಬೆಳೆದ ಮೇಲೆಯೂ ಧಾರಣೆಯಿಂದ ಸೋಲುವ ಒಕ್ಕಲಿಗನಿಗೆ ಈ ಆದರ್ಶವು ಒಮ್ಮೊಮ್ಮೆ ನಿಂದೆಯಾಗಿಯೂ ಪರಿಣಮಿಸಬಹುದು. ಸೋತವನು ಸೋಮಾರಿಯೇ ಇರಬೇಕೆಂದು ನೋಡುವವರು ಬಗೆಯುವರು.

ಚಿತ್ರವು ಅರ್ಥಶಾಸ್ತ್ರದ ಪಾಠವಲ್ಲ, ಕಾರಣನಿರೂಪಣೆ ಅದರ ಹೊಣೆಯಲ್ಲ ಎಂದು ಕೆಲವರು ಹೇಳಬಹುದು. ಇದು ದಿಟ, ಆದರೆ ಮೇಲಣ ಎರಡು ಚಿತ್ರಗಳಲ್ಲಿ ಕಾರಣವು ಉಪನ್ಯಾಸವಾಗಿ ಬಾರದೆ ಕಥೆಯ ನಡೆಯಾಗಿಯೇ ಬಂದಿದೆ. ಉಳದೆ ನಿಂತ ಎತ್ತು, ಮೇಜಿನಿಂದ ಮೇಜಿಗೆ ಅಲೆಯುವ ಅರ್ಜಿ ಇವೇ ಅಲ್ಲಿ ಮಾತನಾಡುತ್ತವೆ. ತೆಂಗಿನ ಸೀಮೆಗೂ ಇಂತಹ ವಸ್ತುಗಳ ಕೊರತೆಯಿಲ್ಲ: ಅಟ್ಟ, ಹರಾಜಿನ ಕಟ್ಟೆ, ಸಾಲದ ಪುಸ್ತಕ, ಸುಲಿಯುವವನ ಕೈ.

ಕಣ್ಣಿಗೆ ಬೀಳುವ ದುರವಸ್ಥೆಯನ್ನೇ ಬಡತನವೆಂದು ಕಾಣುವ ಅಭ್ಯಾಸವು ಬೆಳೆದರೆ, ಹಸುರು ತೋಟದೊಳಗಿನ ಕಷ್ಟವು ಕಷ್ಟವೆಂದೇ ಎಣಿಕೆಗೆ ಬಾರದು. ಸಾಹಿತ್ಯವನ್ನು ಬೋಧಿಸುವವರು ಈಗ ಚಲಚ್ಚಿತ್ರಗಳನ್ನೂ ತರಗತಿಯಲ್ಲಿ ಚರ್ಚಿಸುತ್ತಿರುವುದರಿಂದ, ಚಿತ್ರವು ಮಾನ ತಂದಿತೋ ಅವಮಾನ ತಂದಿತೋ ಎಂದು ಕೇಳುವುದಕ್ಕೆ ಮೊದಲು, ಬಡವನು ಹಾಕುವ ಲೆಕ್ಕವನ್ನು ಅದು ಪ್ರೇಕ್ಷಕನಿಗೆ ತಿಳಿಯಗೊಟ್ಟಿದೆಯೇ ಎಂದು ವಿದ್ಯಾರ್ಥಿಗಳನ್ನು ಕೇಳುವುದು ಉಚಿತವಾಗಿದೆ.