ಊರ ಕಲೆಯೂ ಊರ ಸಹೃದಯನೂ

ಕಾಳಿದಾಸನ ಮೇಘದೂತವು ರಾಮಗಿರಿಯಲ್ಲಿ ಆರಂಭವಾಗುವುದು. ಆ ರಾಮಗಿರಿಯು ನಾಗಪುರದ ಸಮೀಪದ ರಾಮಟೇಕವೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಗೂ ಅದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ಆದರೂ ಕರಿಸಿದ್ದೇಶ್ವರನ ಬೆಟ್ಟದ ಬುಡದಲ್ಲಿ ಕುಳಿತು ಆ ಕಾವ್ಯವನ್ನು ಓದುವವನ ಮನಸ್ಸಿಗೆ ಅದರ ಒಂದು ಪ್ರಸಂಗವು ವಿಶೇಷವಾಗಿ ನಾಟತಕ್ಕದ್ದಾಗಿದೆ. ಮೇಘವು ಉತ್ತರದ ಅಲಕಾಪುರಿಯನ್ನು ಮುಟ್ಟಬೇಕು. ವಿರಹಿಯಾದ ಯಕ್ಷನಿಗೆ ಅವಸರ. ಹೀಗಿದ್ದೂ ಅವನು, ದಾರಿ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ಕಂಡೇ ಮುಂದೆ ಹೋಗಬೇಕು, ಕಾಣದೆ ಹೋದರೆ ಮೋಸಹೋದಂತೆಯೇ ಸರಿ ಎಂದು ಮೇಘಕ್ಕೆ ತಿಳಿಯಹೇಳುತ್ತಾನೆ. ಅಲ್ಲಿಯ ಸೌಧಗಳು, ಮಹಾಕಾಲನ ಗುಡಿಯ ಸಂಜೆಯ ಪೂಜೆ, ಗುಡಿಯಲ್ಲಿ ನಡೆಯುವ ನೃತ್ಯ, ಇವುಗಳ ವರ್ಣನೆಗಾಗಿ ಕಥೆಯೇ ಕೆಲಹೊತ್ತು ನಿಂತುಬಿಡುತ್ತದೆ. ಹೆಂಡತಿಯ ಕ್ಷೇಮಕ್ಕಾಗಿ ಹಂಬಲಿಸುವವನಿಗೆ ಈ ಸುತ್ತುದಾರಿ ಏಕೆ ಬೇಕಾಯಿತು? ಉಜ್ಜಯಿನಿಯು ಕವಿಯ ಸ್ವಂತ ಊರಾಗಿದ್ದಿರಬೇಕೆಂದು ಅನೇಕ ವಿಮರ್ಶಕರು ಊಹಿಸಿರುವುದು ಈ ಕಾರಣದಿಂದಲೇ. ಊಹೆ ನಿಜವಾದರೆ, ತನ್ನ ಊರಿನ ಕಲೆಯನ್ನು ನೋಡುವುದಕ್ಕಾಗಿ ಆಕಾಶದ ಮೋಡವನ್ನೂ ದಾರಿ ತಿರುಗಿಸಿದ ಕವಿ ಕಾಳಿದಾಸನೆನ್ನಬೇಕು.

ಚಿತ್ರದುರ್ಗ ಜಿಲ್ಲೆಯ ವಿದ್ಯಾವಂತ ಗೃಹಸ್ಥರ ನಡೆ ಇದಕ್ಕೆ ವಿರುದ್ಧವಾದದ್ದು. ಅವರು ಮೈಸೂರಿನ ದಸರೆಗೆ ಹೋಗುವರು. ಬೇಲೂರು ಹಳೇಬೀಡುಗಳಲ್ಲಿ ಶಿಲಾಬಾಲಿಕೆಯರ ಮುಂದೆ ನಿಂತು ತಲೆದೂಗುವರು. ಬೆಂಗಳೂರಿನ ನೆಂಟರ ಮನೆಯಲ್ಲಿ ಎರಡು ದಿನ ಹೆಚ್ಚಾಗಿ ಉಳಿದು ನಾಟಕವನ್ನೂ ಸಂಗೀತ ಕಚೇರಿಯನ್ನೂ ಅನುಭವಿಸಿ ಬರುವರು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಮನೆಯಿಂದ ಅರ್ಧ ಹರದಾರಿಯಲ್ಲಿರುವುದನ್ನು ಕುರಿತು ಅವರನ್ನು ಕೇಳಿದರೆ, ಅದು ಇಲ್ಲಿಯೇ ಇದೆಯಲ್ಲ, ಎಂದಾದರೂ ನೋಡಬಹುದು ಎಂಬ ಉತ್ತರ ಬರುತ್ತದೆ. ಆ ‘ಎಂದಾದರೂ’ ಎಂಬ ದಿನ ಆಯುಷ್ಯದಲ್ಲಿ ಬರುವುದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ವೈದ್ಯಕ್ಕೆ ಮಾತ್ರವಲ್ಲ, ಕಲೆಗೂ ಸಲ್ಲುವುದು.

ಮೊದಲನೆಯ ನಿದರ್ಶನವು ಹೊಳಲ್ಕೆರೆಯ ಬಯಲು ಗಣಪತಿ. ಕ್ರಿ.ಶ. 1475ರಲ್ಲಿ ಗುಲ್ಯಪ್ಪನಾಯಕನು ಪ್ರತಿಷ್ಠಿಸಿದನೆಂದು ಪ್ರಸಿದ್ಧವಾದ, ಸುಮಾರು 9 ಅಡಿ ಎತ್ತರದ ಮೂರ್ತಿಯಿದು. ಇದಕ್ಕೆ ನಮಸ್ಕರಿಸದೆ ಊರು ಬಿಡುವವರು ಕಡಮೆ; ಹೊಸ ಗಾಡಿ ಕೊಂಡವರೂ ಪರೀಕ್ಷೆಗೆ ಕೂರುವ ಮಕ್ಕಳೂ ಇಲ್ಲಿಗೆ ಬಂದೇ ಬರುವರು. ಆದರೆ ದರ್ಶನ ಬೇರೆ, ನೋಟ ಬೇರೆ. ದರ್ಶನದಲ್ಲಿ ಕಣ್ಣು ಅರೆಮುಚ್ಚಿರುತ್ತದೆ, ಮನಸ್ಸು ಬೇಡಿಕೆಯಲ್ಲಿರುತ್ತದೆ. ನೋಟದಲ್ಲಿ ಕಣ್ಣು ತೆರೆದಿರಬೇಕು, ಬೇಡಿಕೆ ಹಿಂದೆ ಸರಿದಿರಬೇಕು. ಗರ್ಭಗುಡಿಯ ಕತ್ತಲೆಗೂ ಹಣತೆಯ ಬೆಳಕಿಗೂ ಕಡೆದ ಮೂರ್ತಿಯಂತಲ್ಲ, ಬಯಲಿಗೆಂದು ಕಡೆದ ಮೂರ್ತಿ. ಬಯಲಿನಲ್ಲಿ ಸೂಕ್ಷ್ಮವಾದ ಕುಸುರಿಯು ಬಿಸಿಲಿಗೆ ಕರಗಿಹೋಗುವುದು. ದೂರದಿಂದ ಬರುವವನ ಕಣ್ಣನ್ನು ಹಿಡಿದು ನಿಲ್ಲಿಸತಕ್ಕುದು ದೊಡ್ಡ ದೊಡ್ಡ ಉಬ್ಬುಗಳೂ ಅವುಗಳ ನಡುವಿನ ನೆರಳೂ. ಹೊಟ್ಟೆಯ ಗುಂಡು, ಭುಜಗಳ ಹರಹು, ಸೊಂಡಿಲಿನ ತಿರುವು, ಇವುಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ನೋಡಿದವನಿಗೆ ಶಿಲ್ಪಿಯ ವಿವೇಕ ಯಾವುದೆಂಬುದು ತಾನಾಗಿಯೇ ತಿಳಿಯುವುದು. ಬೆಣ್ಣೆಯ ಅಲಂಕಾರವನ್ನು ನೋಡುವುದಕ್ಕೆ ನೂಕುನುಗ್ಗಲಾಗುವ ಜನರಲ್ಲಿ, ಅಲಂಕಾರವಿಲ್ಲದ ಕಲ್ಲನ್ನು ನೋಡಬೇಕೆಂದು ಬರುವವರು ಎಷ್ಟು ಮಂದಿ?

ಎರಡನೆಯ ನಿದರ್ಶನವು ಹಿರಿಯೂರಿನ ತೇರುಮಲ್ಲೇಶ್ವರನ ದೇವಸ್ಥಾನ. ಮಾಘಮಾಸದ ತೇರಿನ ದಿನ ಆ ಊರಿನ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಎತ್ತರವಾದ ಮಹಾದ್ವಾರವನ್ನೂ ದೀಪಸ್ತಂಭವನ್ನೂ ಎಲ್ಲರೂ ಬಲ್ಲರು. ಆದರೆ ಮುಖಮಂಟಪದ ಮೇಲ್ಛಾವಣಿಯಲ್ಲಿ ಶೈವಪುರಾಣಗಳ ಕಥಾಪ್ರಸಂಗಗಳನ್ನು ಬಣ್ಣದಲ್ಲಿ ಬರೆದಿರುವುದನ್ನು ಎಷ್ಟು ಮಂದಿ ಬಲ್ಲರು? ಭಕ್ತನು ತಲೆ ತಗ್ಗಿಸಿ ಒಳಗೆ ಹೋಗುವನು, ತಲೆ ತಗ್ಗಿಸಿಯೇ ಹೊರಗೆ ಬರುವನು. ಚಿತ್ರವಾದರೋ ತಲೆ ಎತ್ತಿದವನಿಗೆ ಮಾತ್ರ ಕಾಣತಕ್ಕದ್ದು. ಕರ್ಣಾಟಕದ ಭಿತ್ತಿಚಿತ್ರಗಳ ಚರಿತ್ರೆಯನ್ನು ಹೇಳುವವರು ಲೇಪಾಕ್ಷಿ ಹಂಪೆಗಳ ಬಳಿಕ ಹಿರಿಯೂರನ್ನೂ ನೆನೆಯುವರು. ಹಿರಿಯೂರಿನವರು ಮಾತ್ರ ಅದನ್ನು ಮರೆತಿರುವರು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂದು ರಸವತ್ತಾದ ವಿವೇಚನೆಯುಂಟು. ಚಿತ್ರದಲ್ಲಿ ಆಚಾರ್ಯರು ರೇಖೆಯನ್ನು ಮೆಚ್ಚುವರು. ವಿಚಕ್ಷಣರು ಛಾಯೆ ತುಂಬಿದ ಬಗೆಯನ್ನು ಮೆಚ್ಚುವರು. ಸ್ತ್ರೀಯರಿಗೆ ಆಭರಣಗಳ ಬರವಣಿಗೆಯೂ ಉಳಿದವರಿಗೆ ಬಣ್ಣದ ಸಮೃದ್ಧಿಯೂ ಪ್ರಿಯ. ಇಲ್ಲಿ ಶಾಸ್ತ್ರಕಾರನು ಯಾರನ್ನೂ ಹೊರಗೆ ಕಳುಹಿಸಿಲ್ಲವೆಂಬುದನ್ನು ಗಮನಿಸಬೇಕು. ಪ್ರತಿಯೊಬ್ಬನಿಗೂ ಚಿತ್ರದಲ್ಲಿ ಒಂದೊಂದು ಬಾಗಿಲುಂಟು. ಕೆಂಪು ಹಳದಿಗಳನ್ನು ನೋಡಿ ಹಿಗ್ಗುವ ಮಗುವೂ ಒಂದು ಬಾಗಿಲಿನಲ್ಲಿಯೇ ನಿಂತಿದೆ. ನಾಲ್ಕಾರು ಸಲ ಕರೆದೊಯ್ದರೆ ಅದು ರೇಖೆಯ ಬಾಗಿಲಿಗೂ ಬರುವುದು. ಒಮ್ಮೆಯೂ ಕರೆದೊಯ್ಯದಿದ್ದರೆ ಎಲ್ಲ ಬಾಗಿಲುಗಳೂ ಮುಚ್ಚಿದಂತೆಯೇ. ಇದು ಆ ಮಗುವೊಂದರ ನಷ್ಟವಲ್ಲ. ದೀಪದ ಹೊಗೆ, ಮಳೆಗಾಲದ ತೇವ, ಕಾಲದ ಸವೆತ ಇವುಗಳನ್ನು ತಡೆದು ಬಣ್ಣದ ಚಿತ್ರವು ತನ್ನಷ್ಟಕ್ಕೆ ತಾನು ಬಾಳಲಾರದು. ಕಲ್ಲು ಅನಾದರವನ್ನು ನೂರಾರು ವರ್ಷ ಸಹಿಸೀತು, ಬಣ್ಣ ಸಹಿಸದು. ನೋಡಿ ಬಲ್ಲವರು ಊರಿನಲ್ಲಿದ್ದರೆ, ಮಾಸಿದೊಡನೆ ಅಯ್ಯೋ ಎನ್ನುವವರೂ ಇರುವರು. ನೋಡಿದವರೇ ಇಲ್ಲದ ಚಿತ್ರ ಅಳಿದುಹೋದರೆ, ಅಳಿಯಿತೆಂದು ಹೇಳುವುದಕ್ಕೂ ಜನವಿರುವುದಿಲ್ಲ.

ದುರ್ಗದ ಕೋಟೆಯ ಸ್ಥಿತಿ ಇನ್ನೊಂದು ಬಗೆಯದು. ಅದು ಅನಾದೃತವಾದುದಲ್ಲ, ರಜೆಯ ದಿನಗಳಲ್ಲಿ ಜನ ತಂಡೋಪತಂಡವಾಗಿ ಏರುವರು. ಆದರೆ ಅವರು ಏರುವುದು ಎರಡು ಕಥೆಗಳ ಬೆನ್ನು ಹತ್ತಿ. ತ.ರಾ.ಸುಬ್ಬರಾಯರ ಕಾದಂಬರಿಗಳು ನಾಯಕರ ದುರ್ಗವನ್ನು ಮನೆಮನೆಗೂ ತಂದುವು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮರಣೋತ್ತರ ಪ್ರಶಸ್ತಿ ಬಂದಿತು. ಅದಕ್ಕೂ ಮೊದಲು, 1972ರಲ್ಲಿ, ಅವರದೇ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಿತ್ರವು ಈ ಬಂಡೆಗಳನ್ನು ನಾಡಿಗೆಲ್ಲ ತೋರಿಸಿತು. ಕಥೆಯು ಕಲ್ಲಿಗೆ ಜೀವ ತುಂಬಿದುದು ಉಪಕಾರವೇ. ಆದರೆ ಒನಕೆ ಓಬವ್ವನ ಕಿಂಡಿಯನ್ನು ಕಂಡೊಡನೆ, ಬಂದ ಕೆಲಸ ಮುಗಿಯಿತೆಂದು ಇಳಿದುಬಿಡುವವನು ಕೋಟೆಯನ್ನು ನೋಡಿದನೆನ್ನಲಾಗದು. ತಾನು ಮೊದಲೇ ಬಲ್ಲ ಕಥೆಯನ್ನು ಮತ್ತೊಮ್ಮೆ ನೋಡಿದನು, ಅಷ್ಟೆ. ಹೆಬ್ಬಾಗಿಲ ಗೋಡೆಯ ನಾಗಶಿಲ್ಪ, ಗುಡಿಗಳ ಮುಂದಿನ ಉಯ್ಯಾಲೆಕಂಬ, ಬಂಡೆಯು ಎಲ್ಲಿ ಮುಗಿದು ಗೋಡೆಯು ಎಲ್ಲಿ ಆರಂಭವಾಯಿತೆಂದು ತಿಳಿಯದಂತೆ ಕಟ್ಟಿದ ಕೈಚಳಕ, ಇವುಗಳಿಗೆ ಕಥೆಯಿಲ್ಲ. ಆದುದರಿಂದ ನೋಡುವವರೂ ಇಲ್ಲ.

ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಅಶೋಕ್ ಗುಡಿಗಾರರು ರೂಪಿಸಿದ ಓಬವ್ವನ ಪ್ರತಿಮೆಯಿದೆ. ಕಚೇರಿಗೆ ಅರ್ಜಿ ಹಿಡಿದು ಬಂದವರೆಲ್ಲರೂ ಅದರ ಮುಂದೆಯೇ ಹಾಯುವರು. ಆ ಒನಕೆಯನ್ನು ಭತ್ತ ಕುಟ್ಟಿ ಬಲ್ಲ ಹೆಣ್ಣಿನ ಕೈ ಹಿಡಿದಂತೆ ಹಿಡಿಸಲಾಗಿದೆಯೆ, ಅಥವಾ ಭೀಮನ ಗದೆಯಂತೆ ಹಿಡಿಸಲಾಗಿದೆಯೆ? ಈ ಪ್ರಶ್ನೆಯನ್ನು ನಿರ್ಣಯಿಸುವುದಕ್ಕೆ ಹೊರಗಿನ ವಿಮರ್ಶಕನು ಬೇಕಿಲ್ಲ. ಒನಕೆ ಹಿಡಿದ ಅಜ್ಜಿಯರು ಹಳ್ಳಿಗಳಲ್ಲಿ ಇನ್ನೂ ಇರುವರು; ಅವರನ್ನು ಯಾರೂ ಕೇಳಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಾಶ್ನಿಕರೆಂಬ ನಿರ್ಣಾಯಕರನ್ನು ಹೇಳುವಾಗ ಇದನ್ನೇ ಅನುಸರಿಸಿರುವನು. ಯಜ್ಞದ ಸನ್ನಿವೇಶಕ್ಕೆ ಯಜ್ಞವನ್ನು ಬಲ್ಲವನು, ಅಂಗಸೌಷ್ಠವಕ್ಕೆ ಬಿಲ್ಲುಗಾರನು, ವೇಷಕ್ಕೆ ಚಿತ್ರಗಾರನು, ನುಡಿಗೆ ವೈಯಾಕರಣನು. ಯಾವ ವಿಷಯವನ್ನು ಯಾರು ಬದುಕಿನಲ್ಲಿ ಬಲ್ಲರೋ ಅವರೇ ಆ ವಿಷಯದಲ್ಲಿ ಪ್ರಮಾಣವೆಂಬುದು ಇದರ ತಾತ್ಪರ್ಯ.

ಇಂತಹ ಪ್ರಾಶ್ನಿಕರ ಸಭೆಯು ಈ ಜಿಲ್ಲೆಯಲ್ಲಿ ಕೂಡುವ ಸ್ಥಳವೊಂದುಂಟು. ಅದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘವೂ, 1997ರಲ್ಲಿ ಊರೂರು ತಿರುಗಿ ನಾಟಕವಾಡುವ ಶಿವಸಂಚಾರವೆಂಬ ತಂಡವೂ, 2008ರಲ್ಲಿ ರಂಗಶಿಕ್ಷಣದ ಶಾಲೆಯೂ ಅಲ್ಲಿ ಹುಟ್ಟಿದುವು. ಗ್ರೀಕರ ಮಾದರಿಯಲ್ಲಿ ಅರ್ಧಚಂದ್ರಾಕಾರವಾಗಿ ಮೆಟ್ಟಿಲುಗಳನ್ನು ಕಟ್ಟಿದ ಬಯಲು ರಂಗಮಂದಿರದಲ್ಲಿ ಕಾರ್ತಿಕದ ಚಳಿಯಲ್ಲಿ ನಾಟಕೋತ್ಸವ ನಡೆಯುತ್ತದೆ. ಹೊಲದಿಂದ ಬಂದ ರೈತನು ಕಂಬಳಿ ಹೊದ್ದು ಮೆಟ್ಟಿಲಿನ ಮೇಲೆ ಕೂರುವನು. ತಾಯಂದಿರು ಮಲಗಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ನೋಡುವರು. ನೇಗಿಲು ಹಿಡಿಯಲು ಬಾರದ ನಟನು ರಂಗದ ಮೇಲೆ ನೇಗಿಲು ಹಿಡಿದರೆ ಅಲ್ಲಿ ನಗೆ ಏಳುವುದು. ಆ ನಗೆಯೂ ಒಂದು ವಿಮರ್ಶೆಯೇ. ಸಣ್ಣ ಹಳ್ಳಿಯೊಂದು ತನ್ನ ನೋಟಕರನ್ನು ತಾನೇ ಬೆಳೆಸಿಕೊಂಡಿರುವಾಗ, ಕಾಲೇಜುಗಳೂ ಗ್ರಂಥಾಲಯಗಳೂ ರಂಗಮಂದಿರವೂ ಇರುವ ಪಟ್ಟಣಗಳ ವಿದ್ಯಾವಂತರು ಅದನ್ನು ಪತ್ರಿಕೆಯ ಸುದ್ದಿಯಾಗಿ ಮಾತ್ರ ಓದಿ ಮಡಿಸಿಡುವುದು ಶೋಭಿಸುವುದೆ?

ಪಟ್ಟಣದವರ ಕಡೆಯಿಂದಲೂ ಒಂದು ನ್ಯಾಯವಾದ ದೂರುಂಟು. ಊರಿನ ಕಾರ್ಯಕ್ರಮಗಳಿಗೆ ಹೋದರೆ ಕಲೆಗಿಂತ ಸಭೆಯೇ ದೊಡ್ಡದಾಗಿರುತ್ತದೆ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ನೆನಪಿನ ಕಾಣಿಕೆ, ವೇದಿಕೆಯ ಮೇಲಿನ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿಯ ಭಾಷಣ. ಅಷ್ಟು ಹೊತ್ತೂ ಮುಖಕ್ಕೆ ಬಣ್ಣ ಹಚ್ಚಿದ ನಟನು ಪರದೆಯ ಹಿಂದೆ ಬೆವರುತ್ತ ನಿಂತಿರುವನು. ಆರು ಗಂಟೆಯ ನಾಟಕವು ಎಂಟೂವರೆಗೆ ಆರಂಭವಾಗುವ ವೇಳೆಗೆ ಭಾಷಣ ಮಾಡಿದವರೆಲ್ಲರೂ ಹೊರಟುಹೋಗಿರುವರು. ಕಲಾವಿದನನ್ನು ಸನ್ಮಾನಿಸಿ ಕಲೆಯನ್ನು ಅವಮಾನಿಸುವ ಈ ಪದ್ಧತಿಯು ತೊಲಗದ ಹೊರತು ನೋಟಕರು ಹೆಚ್ಚುವ ಆಸೆ ವ್ಯರ್ಥ. ಆದರೆ ಇದನ್ನು ತೊಲಗಿಸುವ ಶಕ್ತಿಯೂ ನೋಟಕರದೇ. ದೂರಿ ಮನೆಯಲ್ಲಿ ಕುಳಿತವನ ಮಾತು ಯಾವ ಸಂಘಾಟಕನ ಕಿವಿಗೂ ಮುಟ್ಟದು; ಪ್ರತಿವರ್ಷವೂ ಮುಂದಿನ ಸಾಲಿನಲ್ಲಿ ಕೂರುವವನ ಮಾತು ಮುಟ್ಟುವುದು.

ಮತ್ತೊಂದು ಆಕ್ಷೇಪವು ಇದಕ್ಕಿಂತ ಗಹನವಾದುದು. ಊರಿನದೆಂಬ ಮಾತ್ರಕ್ಕೆ ಕಲೆಯನ್ನು ಹೊಗಳಬೇಕೆ? ಹೊಯ್ಸಳ ಶಿಲ್ಪವನ್ನು ಕಂಡ ಕಣ್ಣಿಗೆ ಬಯಲು ಗಣಪತಿಯು ಒರಟಲ್ಲವೆ? ರಾಜಧಾನಿಯ ನಾಟಕಗಳನ್ನು ಕಂಡವನಿಗೆ ಇಲ್ಲಿಯವು ಸಪ್ಪೆಯಲ್ಲವೆ? ಇದಕ್ಕೆ ಉತ್ತರವಿಷ್ಟು. ಅಭಿಮಾನವು ರಸವಲ್ಲ. ಊರಿನ ಕಲೆಯಲ್ಲಿ ದೋಷವಿದ್ದರೆ ದೋಷವೆಂದೇ ಹೇಳತಕ್ಕದ್ದು. ಹುಸಿ ಹೊಗಳಿಕೆಯಿಂದ ಕೆಟ್ಟಷ್ಟು ಕಲಾವಿದರು ತೆಗಳಿಕೆಯಿಂದ ಕೆಟ್ಟಿಲ್ಲ. ಆದರೆ ದೋಷವನ್ನು ಹೇಳುವ ಅಧಿಕಾರವು ನೋಡಿದವನಿಗೆ ಮಾತ್ರ ಉಂಟು. ಕಾವ್ಯದ ನಿರಂತರ ಅಭ್ಯಾಸದಿಂದ ಯಾರ ಮನಸ್ಸು ತಿಕ್ಕಿದ ಕನ್ನಡಿಯಂತೆ ನಿರ್ಮಲವಾಗಿರುವುದೋ ಅವನೇ ಸಹೃದಯನೆಂದು ಅಭಿನವಗುಪ್ತರ ನಿರ್ಣಯ. ಅಭ್ಯಾಸವೆಂದರೆ ಮತ್ತೆ ಮತ್ತೆ ಮಾಡುವುದು. ವರ್ಷಕ್ಕೊಮ್ಮೆ ದೂರದ ಕ್ಷೇತ್ರಕ್ಕೆ ಹೋಗಿ ಗಡಿಬಿಡಿಯಿಂದ ನೋಡಿ ಬಂದವನಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು? ಬೇಲೂರನ್ನು ನೋಡಲು ಯೋಗ್ಯವಾದ ಕಣ್ಣು ಬೇಲೂರಿನಲ್ಲಿ ದೊರೆಯುವುದಿಲ್ಲ. ಅದನ್ನು ಮನೆಯ ಬಳಿಯೇ ಸಿದ್ಧಮಾಡಿಕೊಂಡು ಹೋಗಬೇಕು. ಒಂದೇ ಮೂರ್ತಿಯನ್ನು ನೂರು ಸಲ, ಒಂದೇ ತಂಡವನ್ನು ಹತ್ತು ವರ್ಷ ನೋಡುವ ಭಾಗ್ಯವು ಊರಿನವನಿಗಲ್ಲದೆ ಪ್ರವಾಸಿಗನಿಗೆ ಇಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಈ ನಟನು ಬೆಳೆದನು, ಈ ನಿರ್ದೇಶಕನು ತನ್ನ ಹಳೆಯ ಸರಕನ್ನೇ ಮಾರುತ್ತಿರುವನು ಎಂಬ ಮಾತನ್ನು ಅವನೊಬ್ಬನೇ ಹೇಳಬಲ್ಲನು.

ಪ್ರಾಚೀನ ಅಥೆನ್ಸಿನ ಕಥೆಯು ಇಲ್ಲಿ ಸ್ಮರಣೀಯ. ಅಲ್ಲಿ ಡಯೊನೀಸಸ್ ದೇವತೆಯ ವಸಂತೋತ್ಸವದಲ್ಲಿ ಸೋಫೋಕ್ಲಿಸ್, ಯೂರಿಪಿಡೀಸ್ ಮೊದಲಾದವರ ನಾಟಕಗಳು ಸ್ಪರ್ಧೆಯಲ್ಲಿ ಆಡಲ್ಪಡುತ್ತಿದ್ದುವು. ಬಹುಮಾನವನ್ನು ನಿರ್ಣಯಿಸುತ್ತಿದ್ದವರು ಪಂಡಿತರಲ್ಲ. ಚೀಟಿ ಎತ್ತಿ ಆರಿಸಿದ ಊರಿನ ಪೌರರು. ಅವರು ತಪ್ಪಿದುದೂ ಉಂಟು. ಆದರೆ ಅಂತಹ ನಾಟಕಗಳು ಹುಟ್ಟಿದುದು, ತನ್ನ ಕವಿಗಳನ್ನು ಪ್ರತಿವರ್ಷವೂ ತೂಗಿ ನೋಡುವ ಊರಿನಲ್ಲಿಯೇ ಎಂಬುದನ್ನು ಮರೆಯಲಾಗದು. ನೋಟಕನು ಎಷ್ಟು ಕೇಳುವನೋ ಕಲಾವಿದನು ಅಷ್ಟು ಕೊಡುವನು.

ಇದಕ್ಕೆ ಬೇಕಾದುದು ಹಣವೂ ಅಲ್ಲ, ಪಾಂಡಿತ್ಯವೂ ಅಲ್ಲ. ಮನೆಯ ಹಿರಿಯರು ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೇ ಮೂರ್ತಿಯ ಮುಂದೆ ಅರ್ಧ ಗಂಟೆ ನಿಲ್ಲಲಿ. ತೇರುಮಲ್ಲೇಶ್ವರನ ಮಂಟಪದಲ್ಲಿ ಕೈ ಮುಗಿದ ಮೇಲೆ ಒಮ್ಮೆ ತಲೆ ಎತ್ತಲಿ. ನಾಟಕ ನೋಡಿ ಬಂದ ರಾತ್ರಿ ಊಟದ ಎಲೆಯ ಮುಂದೆ ಯಾವ ಪಾತ್ರ ಸರಿಯಾಯಿತು, ಯಾವುದು ಸೋತಿತು ಎಂಬ ಚರ್ಚೆ ನಡೆಯಲಿ. ಅದರಲ್ಲಿ ಸೊಸೆಯ ಮಾತಿಗೂ ಮೊಮ್ಮಗನ ಮಾತಿಗೂ ಮಾವನ ಮಾತಿನಷ್ಟೇ ಬೆಲೆಯಿರಲಿ. ಅಲಕಾಪುರಿಗೆ ಹೋಗುವ ಮೇಘಕ್ಕೆ ಉಜ್ಜಯಿನಿಯು ಸುತ್ತುದಾರಿಯಾಗಿತ್ತು. ಹೊಳಲ್ಕೆರೆಯವನಿಗೆ ಬಯಲು ಗಣಪತಿಯೂ ಹಿರಿಯೂರಿನವನಿಗೆ ತೇರುಮಲ್ಲೇಶ್ವರನೂ ಸುತ್ತುದಾರಿಯೂ ಅಲ್ಲ. ಪೇಟೆಯಿಂದ ಮನೆಗೆ ಬರುವ ಹಾದಿಯಲ್ಲಿಯೇ ಇರುವರು.